ಹಿಸ್ಸೆ ಪಟ್ಟಿಯಲ್ಲಿ ಒಂದು ಕೋವಿ

ಆಸ್ತಿಯ ಹಿಸ್ಸೆ ಮಾಡಿಸಲು ಬರುವವರು ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಬರುತ್ತಾರೆ. ಮೊದಲ ಪುಟದಲ್ಲಿ ತೋಟ, ಗದ್ದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಎರಡನೆಯದರಲ್ಲಿ ಬ್ಯಾಂಕಿನ ಠೇವಣಿ, ಸೊಸೈಟಿಯ ಷೇರು, ಬಂಗಾರ. ಕಡೆಯ ಪುಟಕ್ಕೆ ಬರುವಷ್ಟರಲ್ಲಿ ಬರೆಯುವವನಿಗೆ ಬೇಸರ ಹತ್ತಿರುತ್ತದೆ: ತಾಮ್ರದ ಹಂಡೆ ಎರಡು, ಅಡಿಕೆ ಬೇಯಿಸುವ ಕೊಪ್ಪರಿಗೆ ಒಂದು, ಮರದ ಪೆಟ್ಟಿಗೆ ಒಂದು, ಕೋವಿ ಒಂದು. ಸಿರ್ಸಿಯಲ್ಲಿ ನಾನು ವಕೀಲಿ ಶುರು ಮಾಡಿ ಇಪ್ಪತ್ತಾರು ವರ್ಷವಾಯಿತು. ಕೋವಿ ಯಾವಾಗಲೂ ಆ ಕಡೆಯ ಪುಟದಲ್ಲೇ, ಕೊಪ್ಪರಿಗೆಯ ಆಚೀಚೆ ಇರುತ್ತದೆ.

ಎರಡು ವರ್ಷದ ಹಿಂದೆ ಹುಲೇಕಲ್ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರು ಮತ್ತು ಅವರ ತಂಗಿ ಬಂದಿದ್ದರು. ತೋಟದ ವಿಷಯ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಕೋವಿಗೆ ಬಂದು ಗಾಡಿ ನಿಂತಿತು. ಮನೆಯಲ್ಲಿರುವ ಅಣ್ಣ, ತೋಟ ನನ್ನ ಪಾಲಿಗೆ ಬಂದ ಮೇಲೆ ಕೋವಿಯೂ ನನ್ನದೇ ಎಂದರು. ಬೆಂಗಳೂರಿನಲ್ಲಿರುವ ತಮ್ಮನಿಗೆ ಅದು ಅಜ್ಜನ ಕಾಲದ ವಸ್ತು, ಹಾಲಿನ ಗೋಡೆಗೆ ಒಪ್ಪುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ತಂಗಿ ಬಾಯಿ ಬಿಟ್ಟಳು. "ನನಗೆ ಬೇಡ ವಕೀಲರೇ. ಆದರೆ ಇವರಿಬ್ಬರ ಮನೆಯಲ್ಲೂ ಬೇಡ. ಬರೆದುಕೊಳ್ಳಿ."

ಮೂವರ ಮಾತನ್ನೂ ಕೇಳಿ ನಾನು ಹೇಳಿದ್ದು ಅವರಲ್ಲಿ ಯಾರಿಗೂ ಹಿಡಿಸಲಿಲ್ಲ. ನಿಮ್ಮ ಅಪ್ಪಯ್ಯ ತೀರಿಕೊಂಡ ದಿನದಿಂದ ಆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ನಿಮ್ಮಲ್ಲಿ ಒಬ್ಬರಿಗೂ ಇಲ್ಲ ಎಂದೆ.

ನಮ್ಮ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ. ಕಾರಣವೂ ಇದೆ. ಇಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬಂದಿದೆ. ಬೆಟ್ಟದ ಒಡೆತನ ನಮ್ಮದಲ್ಲ, ಅದು ಅರಣ್ಯ ಭೂಮಿ. ಆದರೂ ತೋಟ ಯಾರ ಕೈಗೆ ಹೋಗುತ್ತದೋ ಬೆಟ್ಟ ಅವರ ಹಿಂದೆ ಹೋಗುತ್ತದೆ. ಕೋವಿಯೂ ಹಾಗೆಯೇ ತೋಟದ ಬಾಲ ಹಿಡಿದು ಬರುತ್ತದೆ ಎಂದು ಜನ ತಿಳಿದಿದ್ದಾರೆ. ಮಂಗ, ಹಂದಿ ಕಾಯುವುದಕ್ಕೆ ಕೊಟ್ಟದ್ದಲ್ಲವೇ, ಮಂಗ ಇರುವವರೆಗೆ ಇರುತ್ತದೆ ಎಂಬ ಲೆಕ್ಕ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕ ಬೇರೆ. ಪರವಾನಗಿ ತೋಟಕ್ಕಿಲ್ಲ, ಮನೆಗಿಲ್ಲ, ಪುಸ್ತಕದಲ್ಲಿ ಫೋಟೊ ಅಂಟಿಸಿರುವ ಆ ಒಬ್ಬ ಮನುಷ್ಯನಿಗೆ ಇದೆ. ಆತ ಹೋದರೆ ಕೋವಿಯ ಬೆಲೆ ವಾರಸುದಾರರಿಗೆ ಬರುತ್ತದೆ, ಇಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ಕಾಯ್ದೆಯ 21ನೇ ಕಲಮಿನ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ಆಮೇಲೆ ಪರವಾನಗಿ ಪಡೆದ ವಾರಸುದಾರ ಬಿಡಿಸಿಕೊಳ್ಳಬಹುದು, ಇಲ್ಲವೇ ಮಾರಬಹುದು.

ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಂಡದ್ದಕ್ಕೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ಇದನ್ನು ಹೇಳಿದಾಗ ಅಣ್ಣ ನನ್ನನ್ನೇ ಅನುಮಾನದಿಂದ ನೋಡಿದರು. "ನಾವೇನು ಕಳ್ಳರೇ?" ಎಂದರು. ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂಬ ಲೆಕ್ಕವಿಲ್ಲ. ಗೋಡೆಯ ಮೇಲೆ ಮೂವತ್ತು ವರ್ಷ ಒಂದೇ ಗೂಟಕ್ಕೆ ತೂಗುತ್ತಿದ್ದ ವಸ್ತು ಒಂದು ಬೆಳಗ್ಗೆ ಅಪರಾಧವಾಗುತ್ತದೆ ಎಂದರೆ ಯಾರು ನಂಬುತ್ತಾರೆ?

ನಂಬದವರನ್ನು ದೂರುವ ಯೋಗ್ಯತೆ ನನಗೂ ಇಲ್ಲ. ನಮ್ಮ ಮನೆಯಲ್ಲಿ ಅಪ್ಪಯ್ಯ ಹೋದ ಮೇಲೆ ಅವರ ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಗೆಯದು, ಹನ್ನೊಂದು ತಿಂಗಳು ಅಟ್ಟದ ಮೇಲೆ ಇತ್ತು. ವೈದಿಕ ಮುಗಿಯಲಿ ಎಂದೆ, ಮಳೆಗಾಲ ಕಳೆಯಲಿ ಎಂದೆ, ಆಯಿಯ ಕಣ್ಣೆದುರು ಒಯ್ಯುವುದು ಹೇಗೆ ಎಂದೆ. ಅಪ್ಪಯ್ಯನ ಕೊಡೆ, ಕನ್ನಡಕ, ಎಲೆಯಡಿಕೆ ಚೀಲವನ್ನು ಯಾರು ಯಾರಿಗೋ ಕೊಟ್ಟಾಗಿತ್ತು. ಕೋವಿಯನ್ನು ಕೊಡಲು ಮಾತ್ರ ಕೈ ಬರಲಿಲ್ಲ. ಕಡೆಗೂ ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದಾಗ ಅಲ್ಲಿನ ಅಧಿಕಾರಿ "ವಕೀಲರೇ, ನೀವೂ?" ಎಂದರು. ಅಷ್ಟೇ ಅಂದದ್ದು. ಸಾಕಾಯಿತು.

ಕೋವಿ ಇರುವವರು ಬಂದಾಗ ನಾನು ಕೇಳುವ ಪ್ರಶ್ನೆ ಒಂದಿದೆ: ಕಡೆಯ ಸಲ ಈಡು ಹೊಡೆದದ್ದು ಯಾವಾಗ? ತೋಟದಲ್ಲೇ ದಿನ ಕಳೆಯುವವರು ಕೂಡಲೇ ಹೇಳುತ್ತಾರೆ, ಮೊನ್ನೆ, ಹಿಂದಿನ ವಾರ, ಎಳೆ ಅಡಿಕೆಗೆ ಮಂಗ ಬಿದ್ದಾಗ. ಇವರಿಗೆ ಕೋವಿ ಕತ್ತಿ, ಗುದ್ದಲಿಯ ಸಾಲಿನದು. ಶಬ್ದಕ್ಕಾಗಿ ಬರೀ ಮದ್ದು ಹಾಕಿ ಹೊಡೆಯುತ್ತಾರೆ, ಮಂಗಗಳ ಹಿಂಡು ಪಕ್ಕದವರ ತೋಟಕ್ಕೆ ಹೋಗುತ್ತದೆ, ಅಲ್ಲಿಂದ ಅವರು ಹೊಡೆದು ವಾಪಸು ಕಳಿಸುತ್ತಾರೆ. ಇವರಿಗೆ ನಾನು ಒತ್ತಿ ಹೇಳುವುದು ಒಂದೇ: ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೋಟದ ಬೇಲಿಯ ಒಳಗೂ ಇದೆ. ಹೆದರಿಸಿ ಓಡಿಸುವುದು ಬೇರೆ, ಹಂದಿ ಹೊಡೆದು ಊರಿಗೆಲ್ಲ ಪಾಲು ಹಂಚುವುದು ಬೇರೆ. ಎರಡನೆಯದಕ್ಕೆ ಅರಣ್ಯ ಇಲಾಖೆಯವರು ಬಂದರೆ ಪಾಲು ತಿಂದವರು ಯಾರೂ ಸಾಕ್ಷಿಗೆ ಬರುವುದಿಲ್ಲ.

ಇನ್ನು ಕೆಲವರು ಈ ಪ್ರಶ್ನೆಗೆ ನಗುತ್ತಾರೆ. ಹೊಡೆದೇ ಇಲ್ಲ. ನವರಾತ್ರಿಯಲ್ಲಿ ಆಯುಧಪೂಜೆಗೆ ಕೆಳಗಿಳಿಸಿ, ಒರೆಸಿ, ಮೆಟ್ಟುಗತ್ತಿಯ ಪಕ್ಕ ಇಟ್ಟು ಕುಂಕುಮ ಹಚ್ಚಿ ಮತ್ತೆ ಮೇಲೆ ಇಡುತ್ತಾರೆ. 'ಕೋವಿ ಇರುವ ಮನೆ' ಎಂಬುದು ಈಗಲೂ ಒಂದು ಮರ್ಯಾದೆ. ಇವರಲ್ಲಿ ಅನೇಕರು ಕೊಡಗಿನ ಉದಾಹರಣೆ ತೆಗೆಯುತ್ತಾರೆ. ಅಲ್ಲಿಯವರಿಗೆ ಪರವಾನಗಿಯೇ ಬೇಡವಂತೆ, ನಮಗೇಕೆ ಬೇಕು? ಕೊಡವರಿಗೂ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಅವರಿಗೆ. ಘಟ್ಟದ ಮೇಲಿನ ಅಡಿಕೆಯವರಿಗೆ ಅಂಥದ್ದು ಎಂದೂ ಇರಲಿಲ್ಲ.

ಮೂರನೆಯ ಬಗೆಯವರ ಮುಂದೆ ನನ್ನ ವಕೀಲಿ ಮಾತು ಸೋಲುತ್ತದೆ. ಮಕ್ಕಳು ಬೆಂಗಳೂರು, ಪುಣೆಯಲ್ಲಿ. ಪಕ್ಕದ ಮನೆಗೆ ಒಂದು ಕೂಗಳತೆಗಿಂತ ಹೆಚ್ಚು ದೂರ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಮೊಬೈಲಿಗೂ ಸಿಗ್ನಲ್ ಇಲ್ಲ. ಎಪ್ಪತ್ತು ದಾಟಿದ ಗಂಡ ಹೆಂಡತಿ, ಗೋಡೆಯ ಮೇಲೆ ಒಂದು ಕೋವಿ. ಮುದುಕರ ಕೈ ನಡುಗುತ್ತದೆ, ಕಣ್ಣಿಗೆ ಪೊರೆ ಬಂದಿದೆ, ಹೊಡೆಯುವುದಂತೂ ಆಗದು. ಆದರೂ ಅದು ಇದ್ದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. ಒಬ್ಬ ಅಜ್ಜಿ ನನಗೆ ಬೇರೆಯದೇ ಹೇಳಿದ್ದರು. ಅವರು ಮಾತನಾಡಿದ್ದು ಗಂಡ ಪಹಣಿಯ ಝೆರಾಕ್ಸ್ ಮಾಡಿಸಲು ಕೆಳಗೆ ಹೋದಾಗ: "ಕಳ್ಳ ಬರುತ್ತಾನೆಂದು ನನಗೆ ಹೆದರಿಕೆಯಿಲ್ಲ. ಇವರಿಗೆ ಇತ್ತೀಚೆಗೆ ಮರೆವು. ರಾತ್ರಿ ನಾನು ಬಚ್ಚಲಿಗೆ ಎದ್ದರೆ ಯಾರದು ಎಂದು ಕೂಗುತ್ತಾರೆ. ಆ ಹೆದರಿಕೆ." ನವೀಕರಣದ ಅರ್ಜಿಯನ್ನು ನಾನು ಮುಂದೆ ದೂಡಿದೆ. ಸುಳ್ಳು ನೆಪ ಹೇಳಿದೆ ಎಂದೂ ಒಪ್ಪಿಕೊಳ್ಳುತ್ತೇನೆ. ಆಮೇಲೆ ಮಗನಿಗೆ ಫೋನು ಮಾಡಿದೆ.

ಹೊಸ ಪರವಾನಗಿಗೆ ವೈದ್ಯರ ಪ್ರಮಾಣಪತ್ರ ಬೇಕು, ಅದರಲ್ಲಿ ಮನಸ್ಸಿನ ಆರೋಗ್ಯ ಮತ್ತು ಅಮಲಿನ ಚಟದ ವಿಷಯವೂ ಇರಬೇಕು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಅರ್ಜಿ ಕೊಡುವ ದಿನ ಮನುಷ್ಯ ಹೇಗಿದ್ದಾನೆ ಎಂದು ಆ ಕಾಗದ ಹೇಳುತ್ತದೆ. ಪರವಾನಗಿ ಈಗ 5 ವರ್ಷದ್ದು. ಆ 5 ವರ್ಷದಲ್ಲಿ ಮನೆಯೊಳಗೆ ಏನೇನು ಆಗುತ್ತದೆ ಎಂಬುದನ್ನು ಬಲ್ಲವರು ಮನೆಯ ಹೆಂಗಸರು, ಅವರನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಈಗ ಕೋವಿಯ ಕೆಲಸಕ್ಕೆ ಬಂದವರಿಗೆ ಮನೆಯವರನ್ನೂ ಕರೆದುಕೊಂಡು ಬನ್ನಿ ಎನ್ನುತ್ತೇನೆ. ನನ್ನ ಗುಮಾಸ್ತನಿಗೆ ಇದು ವಕೀಲರ ಹೊಸ ಹುಚ್ಚು.

ಕರಾವಳಿಯ ಕಥೆ ಬೇರೆ. ಕಾರವಾರ, ಅಂಕೋಲಾ ಕಡೆಯಿಂದ ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಸೇನೆಯಿಂದ ನಿವೃತ್ತರಾಗಿ ಭದ್ರತಾ ಕೆಲಸಕ್ಕೆ ಸೇರಿದವರು. ಸ್ವಂತ ತೋಟಾ (ಕಾರ್ಟ್ರಿಜ್) ಕೋವಿ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅವರಿಗೆ ಕೋವಿಯ ಮೇಲೆ ಮೋಹವೂ ಇಲ್ಲ, ಭಯವೂ ಇಲ್ಲ. ಖಾಲಿ ಮಾಡಿ ಬೀಗದೊಳಗೆ ಇಡುವುದನ್ನು ಅವರಿಂದ ನಮ್ಮ ಘಟ್ಟದವರು ಕಲಿಯಬೇಕು. ಹಾಗೆ ಇಡುತ್ತೇನೆಂದು ನಾವೂ ಅರ್ಜಿಯ ಜೊತೆ ಬರೆದುಕೊಡುತ್ತೇವೆ. ಬರೆದುಕೊಟ್ಟು, ಕಾರವಾರದ ಜಿಲ್ಲಾಧಿಕಾರಿ ಕಚೇರಿಯಿಂದ ದೇವಿಮನೆ ಘಟ್ಟ ಹತ್ತಿ ಮನೆಗೆ ಬಂದು, ಮತ್ತೆ ಅದೇ ಗೂಟಕ್ಕೆ ತೂಗಿಹಾಕುತ್ತೇವೆ.

ಗೂಟಕ್ಕೆ ತೂಗುವುದರಲ್ಲಿ ಏನು ತಪ್ಪು ಎನ್ನುವವರಿಗೆ ಕೇಪಿನ ಕೋವಿಯ ಸ್ವಭಾವ ಗೊತ್ತಿರಬೇಕು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗಜದಿಂದ, ಅಂದರೆ ಉದ್ದನೆಯ ಸಲಾಕೆಯಿಂದ, ಜಡಿಯಬೇಕು. ಸೀಸದ ಚರೆ ಹಾಕಿ ಮತ್ತೆ ನಾರು, ಮತ್ತೆ ಗಜ. ಕಡೆಗೆ ಕುದುರೆ (ಕೋವಿಯ ಸುತ್ತಿಗೆ) ಬಡಿಯುವ ಜಾಗದಲ್ಲಿ ಕೇಪು, ಬಡಿದಾಗ ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಕೊಡುವ ಪುಟ್ಟ ಟೋಪಿ. ತೋಟಾ ಕೋವಿಯನ್ನು ಮುರಿದು ತೋಟಾ ಹೊರಗೆ ತೆಗೆದಂತೆ ಇಲ್ಲಿ ತೆಗೆಯಲು ಬರುವುದಿಲ್ಲ. ತುಂಬಿದ್ದನ್ನು ಖಾಲಿ ಮಾಡುವ ಸುಲಭದ ದಾರಿ ಹೊಡೆಯುವುದೊಂದೇ. ಹೊಡೆಯುವಷ್ಟರಲ್ಲಿ ಮಂಗ ಓಡಿಹೋದರೆ ಏನು ಮಾಡುತ್ತಾರೆ? ಕೇಪು ಕಿತ್ತು ಜೇಬಿಗೆ ಹಾಕಿಕೊಂಡು ಕೋವಿಯನ್ನು ಹಾಗೇ ತೂಗಿಹಾಕುತ್ತಾರೆ. ಕೇಪಿಲ್ಲ, ಆದ್ದರಿಂದ ಖಾಲಿ ಎಂಬುದು ಮನೆಮಂದಿಯ ನಂಬಿಕೆ. ಒಳಗೆ ಮದ್ದೂ ಚರೆಯೂ ಕೂತೇ ಇರುತ್ತವೆ. ಯಾವ ಹುಡುಗ ಯಾವ ದಿನ ಅಜ್ಜನ ಡಬ್ಬಿಯಿಂದ ಒಂದು ಕೇಪು ತೆಗೆದು ಕೂರಿಸುತ್ತಾನೋ ಹೇಳಬರುವುದಿಲ್ಲ.

ಇನ್ನೊಂದು ರೂಢಿ, ಕೋವಿಯನ್ನು ತೋಟದ ಕೆಲಸದವನ ಕೈಗೆ ಕೊಡುವುದು. ಯಜಮಾನರಿಗೆ ಮೊಣಕಾಲು ನೋವು, ಧರೆ ಇಳಿಯಲಾಗದು, "ನೀನೇ ಎರಡು ಈಡು ಹೊಡೆದು ಬಾರೋ" ಎನ್ನುತ್ತಾರೆ. ರಿಟೇನರ್, ಅಂದರೆ ಯಜಮಾನರ ಪರವಾಗಿ ಕೋವಿ ಹಿಡಿಯುವವನು, ಎಂದು ಅವನ ಹೆಸರನ್ನು ಪರವಾನಗಿಯಲ್ಲಿ ಸೇರಿಸಿಕೊಳ್ಳಲು ಅರ್ಜಿ ಹಾಕಬಹುದು, ಹಾಕಿದವರನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ. ಏನಾದರೂ ಆದರೆ ಮೊದಲು ಜೈಲು ಕಾಣುವವನು ಆ ಕೆಲಸದವನು. ಯಜಮಾನರಿಗೆ ನನ್ನಂಥ ವಕೀಲರು ಸಿಗುತ್ತಾರೆ.

ಚುನಾವಣೆ ಬಂದರೆ ಮಾತ್ರ ಎಲ್ಲರಿಗೂ ಕೋವಿಯ ಮೇಲೆ ಒಮ್ಮೆಗೇ ಪ್ರೀತಿ ಉಕ್ಕುತ್ತದೆ. 2023ರ ಮೇ 10ಕ್ಕೆ ವಿಧಾನಸಭೆ, 2024ರ ಮೇ 7ಕ್ಕೆ ಲೋಕಸಭೆ, ಎರಡು ಬೇಸಿಗೆಯೂ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಯಿತು ಎಂದು ಬೈದುಕೊಂಡವರು ಬಹಳ. ಎಲ್ಲರಿಂದಲೂ ಸಾರಾಸಗಟಾಗಿ ಕಸಿಯಬೇಕಿಲ್ಲ, ಯಾರದ್ದು ಬೇಕು ಎಂದು ನೋಡಲು ಸ್ಕ್ರೀನಿಂಗ್ ಸಮಿತಿ ಇದೆ. ತೋಟಕ್ಕೆ ಬೇಕೇ ಬೇಕು ಎನ್ನುವವರು ವಿನಾಯಿತಿಗೆ ಬೇಗ ಅರ್ಜಿ ಕೊಡಬೇಕು. ಕೊಟ್ಟು ಬರುವಾಗ ರಸೀದಿ ಪಡೆಯಿರಿ, ನಂಬರು ಸರಿಯಿದೆಯೇ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಇಷ್ಟೇ ಅದರ ಕಾನೂನು. ಒಂದು ಮಾತನ್ನು ಮಾತ್ರ ಬಿಡಲಾರೆ: ಆ ಎರಡು ಮೂರು ತಿಂಗಳು ಕೋವಿಯಿಲ್ಲದೆ ಮನೆ ಹೇಗೆ ನಡೆಯಿತು ಎಂದು ಕೇಳಿದರೆ ಬಹಳ ಜನ ಯೋಚಿಸಿ "ನಡೆಯಿತಪ್ಪ" ಎನ್ನುತ್ತಾರೆ.

ಹುಲೇಕಲ್‌ನವರ ಕೋವಿ ಠಾಣೆ ಸೇರಿತು. ಅಣ್ಣ ತನ್ನ ಹೆಸರಿಗೆ ಅರ್ಜಿ ಹಾಕಿದರು. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಲ್ಲ, ತಂಗಿ ಇನ್ನೂ ಸಹಿ ಹಾಕಿಲ್ಲ. ನಾನೂ ಒತ್ತಾಯಿಸಿಲ್ಲ.

ಇಂಥ ಜಗ್ಗಾಟ ಬೇಡವೆನ್ನುವವರಿಗೆ ನಿಯಮದಲ್ಲೇ ಒಂದು ಬಾಗಿಲಿದೆ, ಬಳಸುವವರು ಕಡಿಮೆ. ಪರವಾನಗಿದಾರನಿಗೆ 70 ತುಂಬಿದರೆ ಅಥವಾ ಆ ಕೋವಿಯನ್ನು ಇಟ್ಟುಕೊಂಡು 25 ವರ್ಷವಾದರೆ, ಬದುಕಿರುವಾಗಲೇ ಒಬ್ಬ ವಾರಸುದಾರರನ್ನು ಸೂಚಿಸಬಹುದು. ಅವರ ಹೆಸರಿಗೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಸೂಚಿಸಿದವರಿಗೆ 21 ವರ್ಷ ತುಂಬಿರಬೇಕು, ವಿಚಾರಣೆ ಹೊಸದಾಗಿಯೇ ನಡೆಯುತ್ತದೆ.

ಕಳೆದ ಚಳಿಗಾಲದಲ್ಲಿ ಸಿದ್ದಾಪುರ ಕಡೆಯ 78ರ ಹಿರಿಯರೊಬ್ಬರು ಇದೇ ಕೆಲಸಕ್ಕೆ ಬಂದಿದ್ದರು. ಯಾರ ಹೆಸರು ಬರೆಯಲಿ ಎಂದೆ. ದೊಡ್ಡ ಮಗ ಹೈದರಾಬಾದು, ಸಣ್ಣವನು ಕೆನಡಾ. ಮಗಳು? ಮಗಳು ಮನೆಯಲ್ಲೇ ಇದ್ದಾಳೆ, ತೋಟ ನೋಡಿಕೊಳ್ಳುವವಳು ಅವಳೇ. "ಮತ್ತೆ ಅವಳದೇ ಬರೆಯೋಣವಲ್ಲ" ಎಂದೆ. ಹಿರಿಯರು ಸ್ವಲ್ಪ ಹೊತ್ತು ಕಿಟಕಿ ನೋಡಿದರು. "ಅವಳು ಕೇಳಲಿಲ್ಲ" ಎಂದರು.

ಹದಿನೈದು ದಿನ ಬಿಟ್ಟು ಇಬ್ಬರೂ ಬಂದರು. ಮಗಳ ಕೈಯಲ್ಲಿ ಪಹಣಿ, ಆಧಾರ್, ಫೋಟೊ, ಎಲ್ಲ ಒಂದು ಫೈಲಿನಲ್ಲಿ. ನಾನು ಅರ್ಜಿಯ ನಮೂನೆ ತೆಗೆದೆ. ಅವಳು ಫೈಲು ಬಿಚ್ಚಲಿಲ್ಲ.

"ಅರ್ಜಿ ಆಮೇಲೆ ಬರೆಯೋಣ ವಕೀಲರೇ. ನಿನ್ನೆ ನಳಿಗೆಯೊಳಗೆ ಗಜ ಬಿಟ್ಟು ನೋಡಿದೆ, ನಾಲ್ಕು ಬೆರಳು ಮೇಲೆಯೇ ನಿಂತಿತು. ಎಷ್ಟು ವರ್ಷದ ಮದ್ದು ಎಂದು ಅಪ್ಪಯ್ಯನಿಗೂ ನೆನಪಿಲ್ಲ. ಅದನ್ನು ಖಾಲಿ ಮಾಡಿಕೊಡುವವರು ಯಾರು, ಮೊದಲು ಅದನ್ನು ಹೇಳಿ."

ನಮೂನೆಯನ್ನು ಪಕ್ಕಕ್ಕಿಟ್ಟು ಠಾಣೆಗೆ ಫೋನು ಮಾಡಿದೆ.