ಬಿಚ್ಚಿ ಕೂಡಿಸುವ ಚಾರ್ಜಿಂಗ್ ಗನ್: ಪೇಟೆಂಟ್ ಅಡಗಿರುವುದು ಕೀಲಿನಲ್ಲಿ

ಎಲೆಕ್ಟ್ರಿಕ್ ಕಾರಿಗೆ ಚುಚ್ಚುವ, ಸವೆದ ಪಿನ್ ಬಿಚ್ಚಿ ಹೊಸದು ಹಾಕಬಹುದಾದ ಚಾರ್ಜಿಂಗ್ ಗನ್ ಒಂದನ್ನು ಯಾರಾದರೂ ತಯಾರಿಸಿದರೆ ಸುತ್ತಲಿನವರು ಹೇಳುವುದು ಒಂದೇ ಮಾತು: "ಮೊದಲು ಪೇಟೆಂಟ್ ಮಾಡಿಸಿ." ಇಂಥದ್ದು ಮಾರುಕಟ್ಟೆಯಲ್ಲಿಲ್ಲ, ಜನಕ್ಕೆ ಉಪಯೋಗವಿದೆ, ಅಂದಮೇಲೆ ಪೇಟೆಂಟ್ ಸಿಗಲೇಬೇಕು ಎಂಬ ನಂಬಿಕೆ ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನದಿಂದ ಹಿಡಿದು ಸ್ಟಾರ್ಟ್‌ಅಪ್‌ಗಳ ತನಕ ಬೇರೂರಿದೆ. ಅದು ತಪ್ಪು ನಂಬಿಕೆ, ದುಬಾರಿ ನಂಬಿಕೆಯೂ ಹೌದು. ಅರ್ಜಿ, ವಕೀಲರು ಅಂತ ಹಣ ಸುರಿದ ಮೇಲೆ ಪರೀಕ್ಷಕರಿಂದ ಬರುವ ಆಕ್ಷೇಪಣೆ ಓದಿ ಕಂಗಾಲಾಗುವವರು ಬಹಳ.

ಆ ಆಕ್ಷೇಪಣೆಯ ಬುಡದಲ್ಲಿ ಇರುವ ವಿಚಾರ ನನಗೆ ತುಂಬ ಪ್ರಿಯವಾದದ್ದು. ಭಾರತದ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎಫ್) ಹೇಳುವುದಿಷ್ಟು: ತಮ್ಮ ತಮ್ಮ ಪಾಡಿಗೆ, ಈಗಾಗಲೇ ಗೊತ್ತಿರುವ ರೀತಿಯಲ್ಲಿ ಕೆಲಸ ಮಾಡುವ ಸಾಧನಗಳನ್ನು ಬರಿದೇ ಜೋಡಿಸಿದರೆ, ಅದಲುಬದಲು ಮಾಡಿದರೆ, ಒಂದಕ್ಕೆರಡು ಮಾಡಿದರೆ ಅದು ಆವಿಷ್ಕಾರವಲ್ಲ. ಮಾಡ್ಯುಲರ್ ಸಾಧನಕ್ಕೆ, ಅಂದರೆ ಬಿಡಿ ಭಾಗಗಳನ್ನು ಬಿಚ್ಚಿ ಬದಲಿಸಬಹುದಾದ ಸಾಧನಕ್ಕೆ, ಇದು ನೇರವಾಗಿ ಅಡ್ಡ ಬರುತ್ತದೆ. ಒಂದು ಭಾಗ ಕೆಟ್ಟರೆ ಇನ್ನೊಂದಕ್ಕೆ ತಟ್ಟಬಾರದು, ಒಂದನ್ನು ತೆಗೆದರೆ ಇನ್ನೊಂದು ಅಲುಗಬಾರದು ಎಂಬುದು ಎಂಜಿನಿಯರ್ ಹೆಮ್ಮೆಯಿಂದ ಹೇಳುವ ಮಾತು. ಪೇಟೆಂಟ್ ಪರೀಕ್ಷಕ ಅದನ್ನೇ ಬರೆದುಕೊಂಡು ಅರ್ಜಿ ತಿರಸ್ಕರಿಸಬಹುದು. ಭಾಗಗಳ ಸ್ವಾತಂತ್ರ್ಯ ವಿನ್ಯಾಸದಲ್ಲಿ ಗುಣ, ಪೇಟೆಂಟಿನಲ್ಲಿ ದೋಷ.

ಇದು ನಮ್ಮ ದೇಶದ ವಿಚಿತ್ರ ನಿಯಮವೇನಲ್ಲ. 1890ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಸಾಸೇಜ್ ಯಂತ್ರವೊಂದರ ಮೊಕದ್ದಮೆ ಬಂತು. ಮಾಂಸ ಕೊಚ್ಚುವ ಯಂತ್ರ ಮೊದಲೇ ಇತ್ತು, ಕೊಚ್ಚಿದ್ದನ್ನು ತುಂಬುವ ಯಂತ್ರವೂ ಇತ್ತು. ಎರಡನ್ನೂ ಕೂಡಿಸಿದವರಿಗೆ ಪೇಟೆಂಟ್ ಉಳಿಯಲಿಲ್ಲ, ಏಕೆಂದರೆ ಕೊಚ್ಚುವುದು ಕೊಚ್ಚುತ್ತಿತ್ತು, ತುಂಬುವುದು ತುಂಬುತ್ತಿತ್ತು, ಕೂಡಿದ್ದರಿಂದ ಮೂರನೆಯ ಫಲ ಏನೂ ಹುಟ್ಟಲಿಲ್ಲ. ಯುರೋಪಿಯನ್ ಪೇಟೆಂಟ್ ಕಚೇರಿಯ ಮಾರ್ಗದರ್ಶಿ ಇಂದಿಗೂ ಸಾಸೇಜ್ ಯಂತ್ರದ ಉದಾಹರಣೆಯನ್ನೇ ಕೊಡುತ್ತದೆ. 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹಿಂದೆಮುಂದೆ ಸರಿಸಬಹುದಾದ ಕಾರಿನ ಆಕ್ಸಿಲರೇಟರ್ ಪೆಡಲ್‌ಗೆ ಎಲೆಕ್ಟ್ರಾನಿಕ್ ಸೆನ್ಸರ್ ಸೇರಿಸಿದ್ದರ ಮೇಲಿನ ಪೇಟೆಂಟನ್ನು ತಳ್ಳಿಹಾಕಿದ್ದೂ ಇದೇ ದಾರಿಯಲ್ಲಿ.

ನಮ್ಮಲ್ಲಿ ಈ ವಿಷಯಕ್ಕೆ ಬುನಾದಿ ಹಾಕಿದ್ದು ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ಕಾರ್ಖಾನೆಗಳ ಜಗಳ. ಆಗ ಪಾತ್ರೆಗಳನ್ನು ಲೇತ್‌ಗೆ ಅಂಟಿನಿಂದ ಹಚ್ಚಿಯೋ ಚಕ್‌ನ ಹಲ್ಲುಗಳಲ್ಲಿ ಸಿಕ್ಕಿಸಿಯೋ ಕಡೆಯುತ್ತಿದ್ದರು. ತಿರುಗುವ ಪಾತ್ರೆ ಕಿತ್ತು ಹಾರಿ ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಎದುರಿನಿಂದಲೂ ಒತ್ತಿ ಹಿಡಿಯುವ ಸಾಧನಕ್ಕೆ ಒಬ್ಬರು 1951ರಿಂದ ಅನ್ವಯಿಸುವಂತೆ ಪೇಟೆಂಟ್ ಪಡೆದರು. ಮೊಕದ್ದಮೆ ಅಲಹಾಬಾದ್ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ 1978ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಎದುರು ತುದಿಯಿಂದ ಒತ್ತಿ ಹಿಡಿಯುವ ಲೇತ್‌ನ ಭಾಗ, ಟೇಲ್‌ಸ್ಟಾಕ್, ದಶಕಗಳಿಂದ ಬಳಕೆಯಲ್ಲಿದ್ದ ವಸ್ತು. ಇದು ವರ್ಕ್‌ಶಾಪ್ ಮಟ್ಟದ ಸುಧಾರಣೆ, ಪೇಟೆಂಟ್ ನಿಲ್ಲದು ಎಂದಿತು ನ್ಯಾಯಾಲಯ. ಕೆಲಸಗಾರರ ಜೀವ ಕಾಯುವ ಸುಧಾರಣೆಗೂ ಪೇಟೆಂಟ್ ಸಿಗಲಿಲ್ಲ ಎಂಬುದನ್ನು ಗಮನಿಸಬೇಕು. ಉಪಯುಕ್ತತೆ ಒಂದು ಅಳತೆ, ಆವಿಷ್ಕಾರ ಇನ್ನೊಂದು ಅಳತೆ.

ಹಾಗಾದರೆ ಭಾಗಗಳು "ಒಟ್ಟಾಗಿ" ಕೆಲಸ ಮಾಡುವುದೆಂದರೆ ಹೇಗೆ? ಚಾರ್ಜಿಂಗ್ ಗನ್ನಿನ ಬಾಯಿಯನ್ನೇ ಹತ್ತಿರದಿಂದ ನೋಡಿ. ಭಾರತದ ಕಾರುಗಳಲ್ಲಿ ಸಾಮಾನ್ಯವಾಗಿರುವ ಸಿಸಿಎಸ್2 ಮಾದರಿಯಲ್ಲಿ ಕೆಳಗೆ ಎರಡು ದಪ್ಪ ಡಿಸಿ ಸಂಪರ್ಕಗಳಿವೆ. ಮೇಲಿನ ಭಾಗದಲ್ಲಿ ಅರ್ಥಿಂಗ್, ಅದರ ಅಕ್ಕಪಕ್ಕ ಎರಡು ಸಣ್ಣ ಸಂಪರ್ಕಗಳು. ಆ ಸಣ್ಣವುಗಳಲ್ಲಿ ಒಂದಕ್ಕೆ ಕಂಟ್ರೋಲ್ ಪೈಲಟ್ ಎಂದು ಹೆಸರು. ಈ ಸಂಪರ್ಕಗಳು ಒಂದೇ ಗಳಿಗೆಯಲ್ಲಿ ಮುಟ್ಟುವುದಿಲ್ಲ. ಚುಚ್ಚುವಾಗ ಅರ್ಥಿಂಗ್ ಎಲ್ಲಕ್ಕಿಂತ ಮೊದಲು ಕೂಡುತ್ತದೆ, ಆಮೇಲೆ ವಿದ್ಯುತ್ ಹೊರುವ ಪಿನ್ನುಗಳು, ಕಟ್ಟಕಡೆಗೆ ಕಂಟ್ರೋಲ್ ಪೈಲಟ್. ಎಳೆಯುವಾಗ ಕ್ರಮ ತಿರುಗುಮುರುಗು, ಪೈಲಟ್ ಮೊದಲು ಬಿಡುತ್ತದೆ.

ಚಾರ್ಜರ್ ಈ ಪೈಲಟ್ ತಂತಿಯಲ್ಲಿ 12 ವೋಲ್ಟ್ ಇಟ್ಟು ಕಾಯುತ್ತಿರುತ್ತದೆ. ಕಾರು ಕೂಡಿದೊಡನೆ ಅದರೊಳಗಿನ ರೆಸಿಸ್ಟರಿನಿಂದ ಅದು 9 ವೋಲ್ಟಿಗೆ ಇಳಿಯುತ್ತದೆ. ಕಾರು ಸಿದ್ಧ ಎಂದಾಗ 6 ವೋಲ್ಟಿಗೆ. ಆಗಷ್ಟೇ ಚಾರ್ಜರಿನ ಒಳಗಿನ ಸ್ವಿಚ್ ಕೂಡಿ ದೊಡ್ಡ ವಿದ್ಯುತ್ ಹರಿಯುತ್ತದೆ. ಎಸಿ ಚಾರ್ಜಿಂಗಿನಲ್ಲಾದರೆ ಅದೇ ತಂತಿಯಲ್ಲಿ ಸೆಕೆಂಡಿಗೆ 1000 ಸಲ ಮಿಡಿಯುವ ಅಲೆಯ ಅಗಲ ನೋಡಿ ಕಾರು ತಾನು ಎಷ್ಟು ಆಂಪಿಯರ್ ಎಳೆಯಬಹುದೆಂದು ತಿಳಿಯುತ್ತದೆ: ಅಲೆ ಅರ್ಧ ಸಮಯ ಮೇಲಿದ್ದರೆ 30 ಆಂಪಿಯರ್, ಹತ್ತನೇ ಒಂದು ಭಾಗವಿದ್ದರೆ 6. ಗನ್ ಎಳೆದ ಗಳಿಗೆಯಲ್ಲಿ ಪೈಲಟ್ ಮೊದಲು ಕಡಿಯುತ್ತದೆ, ಮರುಕ್ಷಣ ಸ್ವಿಚ್ ತೆರೆಯುತ್ತದೆ, ದಪ್ಪ ಪಿನ್ನು ಬೇರ್ಪಡುವಷ್ಟರಲ್ಲಿ ಅದರಲ್ಲಿ ವಿದ್ಯುತ್ತೇ ಇರುವುದಿಲ್ಲ. ಹೀಗಾಗಿ ಕಿಡಿ ಹಾರುವುದಿಲ್ಲ. ಕೆಲವು ಮಿಲಿಮೀಟರಿನ ಉದ್ದದ ವ್ಯತ್ಯಾಸ, ಒಂದು ರೆಸಿಸ್ಟರ್, ದೂರದಲ್ಲಿರುವ ಸ್ವಿಚ್, ಇವುಗಳಲ್ಲಿ ಯಾವುದೊಂದೂ ತಾನೇ ಕಿಡಿ ತಡೆಯಲಾರದು. ಮೂರೂ ಸೇರಿದಾಗ ಮಾತ್ರ ಆ ಫಲ. ಸಾಸೇಜ್ ಯಂತ್ರದಲ್ಲಿ ಇಲ್ಲದ್ದು ಇದೇ.

ಈಗ ಬಿಚ್ಚುವ ಪಿನ್ನಿಗೆ ಬರೋಣ. ಅದು ಬೇಕಾಗುವುದು ಸವೆತಕ್ಕೆ. ಇಂಥ ಗನ್ನುಗಳನ್ನು 10,000 ಸಲ ಚುಚ್ಚಿ ಎಳೆಯುವಂತೆ ಪರೀಕ್ಷಿಸುತ್ತಾರೆ. ಹೆದ್ದಾರಿಯ ಚಾರ್ಜರಿನಲ್ಲಿ ದಿನಕ್ಕೆ ಹತ್ತಿಪ್ಪತ್ತು ಕಾರು ಬಂದರೆ ಆ ಅಂಕಿ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ತುದಿ ಬದಲಾಯಿಸಿದರೆ ಇಡೀ ಕೇಬಲ್ ಎಸೆಯುವುದು ತಪ್ಪುತ್ತದೆ. ಒಳ್ಳೆಯ ಯೋಚನೆ, ಆದರೆ ಪೇಟೆಂಟ್ ಕೊಡಿಸಲು ಸಾಲದು. 1961ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಲಿಪ್‌ಸ್ಟಿಕ್ ಹಿಡಿಕೆಯ ಮುಚ್ಚಳದ ಪ್ರಕರಣದಲ್ಲಿ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ: ಆ ತುದಿಯನ್ನು ತಲುಪುವ ಅಗತ್ಯ ಬಿದ್ದರೆ ಮುಚ್ಚಳವನ್ನು ತೆಗೆಯುವಂತೆ ಮಾಡುವುದು ಯಾರಿಗಾದರೂ ಹೊಳೆಯುವ ಸಂಗತಿ.

ನಿಜವಾದ ಕಷ್ಟ ಬಿಚ್ಚುವುದರಲ್ಲಿಲ್ಲ, ಬಿಚ್ಚಿದ್ದನ್ನು ಮತ್ತೆ ಕೂಡಿಸಿದ ಜಾಗದಲ್ಲಿ, ಅಂದರೆ ಕೀಲಿನಲ್ಲಿದೆ. ಎರಡು ಲೋಹದ ಮೈಗಳನ್ನು ಎಷ್ಟೇ ನುಣುಪು ಮಾಡಿ ಒತ್ತಿದರೂ ಅವು ಪೂರ್ತಿ ಮುಟ್ಟುವುದಿಲ್ಲ. ಸೂಕ್ಷ್ಮ ಉಬ್ಬುಗಳ ತುದಿಗಳಷ್ಟೇ ಮುಟ್ಟುತ್ತವೆ, ಅಷ್ಟೂ ವಿದ್ಯುತ್ ಆ ಚುಕ್ಕೆಗಳಲ್ಲೇ ನುಸುಳಬೇಕು. ಬರ್ಲಿನ್ನಿನ ಸೀಮೆನ್ಸ್‌ನಲ್ಲಿ ಕೆಲಸ ಮಾಡಿದ ಸ್ವೀಡನ್ ಮೂಲದ ಭೌತವಿಜ್ಞಾನಿ ರಾಗ್ನರ್ ಹೋಲ್ಮ್ ಇದನ್ನು ಆಳವಾಗಿ ಅಭ್ಯಾಸ ಮಾಡಿದವರು. ಒತ್ತಡ ಎರಡರಷ್ಟಾದರೆ ಆ ಜಾಗದ ರೋಧ ಸುಮಾರು ಶೇ. 30ರಷ್ಟು ಇಳಿಯುತ್ತದೆ, ಅದಕ್ಕಿಂತ ಹೆಚ್ಚು ಲಾಭ ಸಿಗದು.

ಒಂದು ಹೆಚ್ಚುವರಿ ಕೀಲಿನ ರೋಧ ಒಂದು ಓಮ್‌ನ ಹತ್ತು ಸಾವಿರದಲ್ಲಿ ಒಂದು ಭಾಗ, ಅಂದರೆ 0.1 ಮಿಲಿಓಮ್ ಎಂದಿಟ್ಟುಕೊಳ್ಳಿ. ನಗಣ್ಯ ಎನ್ನಿಸುತ್ತದೆ. ಆದರೆ ಶಾಖ ಹುಟ್ಟುವುದು ವಿದ್ಯುತ್ತಿನ ವರ್ಗದ ಲೆಕ್ಕದಲ್ಲಿ. ಕೇಬಲಿನೊಳಗೆ ದ್ರವ ಹರಿಸಿ ತಂಪು ಮಾಡುವ ದೊಡ್ಡ ಚಾರ್ಜರುಗಳಲ್ಲಿ 500 ಆಂಪಿಯರ್ ಹರಿಯುತ್ತದೆ; 500ರ ವರ್ಗ 2,50,000, ಅದನ್ನು 0.0001ರಿಂದ ಗುಣಿಸಿದರೆ 25 ವ್ಯಾಟ್. ರೇಡಿಯೊ ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ನಿನಷ್ಟು ಶಾಖ, ಅದೂ ಪ್ಲಾಸ್ಟಿಕ್ ಕವಚದ ಒಳಗೆ, ಪ್ರತಿ ಪಿನ್ನಿನಲ್ಲಿ ಒಂದೊಂದು.

ಇದರ ಮೇಲೆ ಇನ್ನೊಂದು ತೊಡಕಿದೆ. ಗನ್ನಿನಲ್ಲಿ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ. ಬಿಸಿ ಮಿತಿಮೀರಿದರೆ ಚಾರ್ಜರ್ ವಿದ್ಯುತ್ ತಗ್ಗಿಸುತ್ತದೆ. ತುದಿ ಬದಲಾಗಬೇಕಾದರೆ ಸೆನ್ಸರ್ ಹಿಂದಿನ ಸ್ಥಿರ ಭಾಗದಲ್ಲಿರಬೇಕು, ಇಲ್ಲದಿದ್ದರೆ ಅದರ ತಂತಿಯನ್ನೂ ಪ್ರತಿ ಸಲ ಬಿಚ್ಚಬೇಕಾಗುತ್ತದೆ. ಲೋಹಗಳಲ್ಲಿ ವಿದ್ಯುತ್ ಹರಿಸುವ ಎಲೆಕ್ಟ್ರಾನುಗಳೇ ಶಾಖವನ್ನೂ ಹೊರುತ್ತವೆ. 1853ರಲ್ಲಿ ವೀಡೆಮನ್ ಮತ್ತು ಫ್ರಾಂಜ್ ಗುರುತಿಸಿದ ನಂಟು ಇದು. ಹಾಗಾಗಿ ಕೀಲು ಸಡಿಲವಾದರೆ ವಿದ್ಯುತ್ತಿಗೂ ತಡೆ, ಶಾಖಕ್ಕೂ ತಡೆ. ತುದಿ ಬಿಸಿಯಾಗುತ್ತಿರುತ್ತದೆ, ಆ ಸುದ್ದಿ ಸೆನ್ಸರಿಗೆ ಮುಟ್ಟುವುದು ತಡವಾಗುತ್ತದೆ. ಕೀಲು ಹಾಳಾದಷ್ಟೂ ಹಾಳಾದದ್ದು ಗೊತ್ತಾಗುವುದು ಕಷ್ಟ.

ಪೇಟೆಂಟಿಗೆ ಯೋಗ್ಯವಾದ ಕೆಲಸ ಇಲ್ಲಿ ಶುರುವಾಗುತ್ತದೆ. ಊಹೆಗೆ ಒಂದು ವಿನ್ಯಾಸ: ತಾಮ್ರದ ತುದಿಯ ಬುಡ ಸ್ಥಿರ ಭಾಗದ ತಾಮ್ರದೊಂದಿಗೆ ಒಂದು ಉಕ್ಕಿನ ಬಳೆಯೊಳಗೆ ಕೂಡುತ್ತದೆ. ಒಂದು ಡಿಗ್ರಿ ಬಿಸಿಗೆ ತಾಮ್ರ ಹತ್ತು ಲಕ್ಷಕ್ಕೆ ಸುಮಾರು 17 ಪಾಲು ಹಿಗ್ಗಿದರೆ ಸಾಧಾರಣ ಉಕ್ಕು 12 ಪಾಲು ಹಿಗ್ಗುತ್ತದೆ. ಬಿಸಿಯಾದಂತೆ ತಾಮ್ರ ಬಳೆಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಒತ್ತಡ ಹೆಚ್ಚಿ ರೋಧ ತಗ್ಗುತ್ತದೆ, ಅದೇ ಬಿಗಿತದಿಂದ ತುದಿಯ ಶಾಖ ಹಿಂದಿನ ಸೆನ್ಸರಿಗೆ ಬೇಗ ತಲುಪುತ್ತದೆ. ಬಳೆ, ತುದಿ, ಸೆನ್ಸರ್ ಮೂರೂ ಒಂದನ್ನೊಂದು ಅವಲಂಬಿಸಿವೆ. ಪರೀಕ್ಷಕರು ಹಿಗ್ಗಿ ಬಿಗಿಯುವ ಹಳೆಯ ಜೋಡಣೆಗಳನ್ನು ಮುಂದಿಟ್ಟು ಪ್ರಶ್ನಿಸಿಯೇ ಪ್ರಶ್ನಿಸುತ್ತಾರೆ. ಆದರೆ ಉತ್ತರ ಕೊಡಲು ನಿಮ್ಮ ಬಳಿ ಈಗ ಒಂದು ವಾದವಿದೆ. "ತುದಿಯನ್ನು ಬಿಚ್ಚಬಹುದು" ಎಂಬ ಕ್ಲೇಮಿಗೆ, ಅಂದರೆ ಅರ್ಜಿಯಲ್ಲಿ ಕೇಳುವ ಹಕ್ಕಿಗೆ, ಅಂಥ ವಾದವಿರಲಿಲ್ಲ.

ಕಸುಬು ಬಲ್ಲವರು ನಂಬಿದ್ದಕ್ಕೆ ತದ್ವಿರುದ್ಧ ಹೋಗಿ ಗೆದ್ದವರಿಗೂ ಪೇಟೆಂಟ್ ಉಳಿಯುತ್ತದೆ. 1983ರ ಅಮೆರಿಕದ ಪ್ರಕರಣವೊಂದರಲ್ಲಿ ಚಕ್ರಗಳ ಸಮತೋಲ ನೋಡುವ ಯಂತ್ರದ ಚೌಕಟ್ಟನ್ನು ಒಂದೇ ತುಂಡಿನಲ್ಲಿ ಮಾಡಲಾಗಿತ್ತು. ಬೋಲ್ಟ್ ಹಾಕಿದ ಕೀಲುಗಳಿದ್ದರೇ ಕಂಪನ ತಗ್ಗುವುದೆಂದು ಆ ಕ್ಷೇತ್ರದವರು ತಿಳಿದಿದ್ದರು. ಕೀಲು ತೆಗೆದದ್ದೇ ಅಲ್ಲಿ ಆವಿಷ್ಕಾರವಾಯಿತು. ಇನ್ನು 1904ರಲ್ಲಿ ಅಮೆರಿಕದ ಹಾರ್ವಿ ಹಬೆಲ್ ಎರಡು ಭಾಗದ ಪ್ಲಗ್‌ಗೆ ಪೇಟೆಂಟ್ ಪಡೆದ ಕಥೆ ಬೇರೆ ರೀತಿಯದು. ಆಗ ಮನೆಗಳಲ್ಲಿ ಬಲ್ಬಿನ ಹೋಲ್ಡರಿಗೇ ತಿರುಪಿ ಸಾಧನ ಜೋಡಿಸಬೇಕಿತ್ತು, ತಿರುಪಿದಂತೆ ತಂತಿಯೂ ತಿರುಚಿಕೊಳ್ಳುತ್ತಿತ್ತು. ಹಬೆಲ್ ತಿರುಪುವ ಭಾಗವನ್ನು ಹೋಲ್ಡರಿನಲ್ಲೇ ಬಿಟ್ಟು, ತಂತಿಯ ಭಾಗವನ್ನು ಚುಚ್ಚಿ ಎಳೆಯುವಂತೆ ಬೇರ್ಪಡಿಸಿದ. ಕರೆಂಟಿನ ಗಂಧಗಾಳಿ ಇಲ್ಲದವರೂ ಸಾಧನ ಕೂಡಿಸುವಂತಾಯಿತು. ಬಿಚ್ಚುವ ವಿದ್ಯುತ್ ಸಂಪರ್ಕಕ್ಕೆ ಪೇಟೆಂಟ್ ಅಸಾಧ್ಯವೆಂದು ಯಾರೂ ತಿಳಿಯಬಾರದೆಂದೇ ಇದನ್ನು ಹೇಳಿದೆ.

ಚಾರ್ಜಿಂಗ್ ಜಾಲದ ತಂತ್ರಾಂಶಕ್ಕೆ ಪೇಟೆಂಟ್ ಕೇಳುವವರ ಪಾಡು ಬೇರೆ. ಚಾರ್ಜ್‌ಪಾಯಿಂಟ್ ಕಂಪನಿ ಸೆಮಾಕನೆಕ್ಟ್ ಮೇಲೆ ಹೂಡಿದ್ದ ದಾವೆಯಲ್ಲಿ, ನೆಟ್‌ವರ್ಕಿನ ಮೂಲಕ ಚಾರ್ಜರನ್ನು ನಿಯಂತ್ರಿಸುವುದು ಅಮೂರ್ತ ಕಲ್ಪನೆ, ಅದಕ್ಕೆ ಪೇಟೆಂಟ್ ಸಲ್ಲದು ಎಂದು ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2019ರಲ್ಲಿ ಹೇಳಿತು. ಲೋಹ, ಸ್ಪ್ರಿಂಗು, ಬಳೆಗಳ ಕೆಲಸ ಮಾಡುವವರಿಗೆ ಆ ಭಯವಿಲ್ಲ.

ಅವರು ಕಾಯಬೇಕಾದ ಗಡಿ ಇನ್ನೊಂದಿದೆ, ಅದು ಮಾನಕ. ಪಿನ್ನುಗಳ ಜಾಗ, ಅಳತೆ ಎಲ್ಲರಿಗೂ ಒಂದೇ ಇರಬೇಕು, ಇಲ್ಲವಾದರೆ ಕಾರಿಗೆ ಗನ್ ಹೊಂದದು. ಬೆಂಗಳೂರಿನ ಏಥರ್ ತನ್ನ ಸ್ಕೂಟರಿನ ಕನೆಕ್ಟರನ್ನು 2021ರಲ್ಲಿ ಬೇರೆ ಕಂಪನಿಗಳಿಗೂ ತೆರೆದಿಟ್ಟಿತು; 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಅದರ ಆಧಾರದ ಮೇಲೆ ಲಘು ವಾಹನಗಳಿಗೆ ಎಸಿ, ಡಿಸಿ ಎರಡನ್ನೂ ಹೊರುವ ಕನೆಕ್ಟರಿಗೆ ಮಾನಕ ಹೊರಡಿಸಿತು. ಬಾಯಿಯ ಆಕಾರ ಹೀಗೆ ಎಲ್ಲರ ಸ್ವತ್ತಾದ ಮೇಲೆ ಹೊಸತನಕ್ಕೆ ಉಳಿಯುವುದು ಒಳಗಿನ ಕೀಲು, ಬೀಗ, ತಂಪಿನ ವ್ಯವಸ್ಥೆ.

ಇಂಥ ಕೆಲಸ ಕೈಗೆತ್ತಿಕೊಂಡ ಯುವ ಎಂಜಿನಿಯರುಗಳಲ್ಲಿ ನನ್ನ ಕೋರಿಕೆ: ಅರ್ಜಿ ಹಾಕುವ ಮೊದಲು ಸಾಧನವನ್ನು ಪ್ರದರ್ಶನಕ್ಕೆ ಇಡಬೇಡಿ, ವಿಡಿಯೊ ಹಾಕಬೇಡಿ. ಯುರೋಪಿನಲ್ಲಿ ನಿಮ್ಮದೇ ಪ್ರದರ್ಶನ ನಿಮ್ಮ ಹೊಸತನವನ್ನು ಕೊಲ್ಲುತ್ತದೆ, ನಮ್ಮಲ್ಲಿ ವಿನಾಯಿತಿ ಬಹಳ ಕಿರಿದು. ಜಗತ್ತಿಗೆಲ್ಲ ಒಂದೇ ಪೇಟೆಂಟ್ ಎಂಬುದಂತೂ ಎಲ್ಲೂ ಇಲ್ಲ. ಕೀಲಿನ ಎರಡು ಬದಿಗೆ ಮೀಟರ್ ಇಟ್ಟು ವೋಲ್ಟೇಜ್ ಕುಸಿತ ಅಳೆಯಿರಿ: ಹೊಸದರಲ್ಲಿ ಎಷ್ಟು, ಸಾವಿರ ಸಲ ಚುಚ್ಚಿದ ಮೇಲೆ ಎಷ್ಟು, ಬಳೆ ಇಲ್ಲದೆ ಎಷ್ಟು. 500 ಆಂಪಿಯರಿಗೆ 50 ಮಿಲಿವೋಲ್ಟ್ ಬಂದರೆ ಅದೇ ನಾವು ಲೆಕ್ಕ ಹಾಕಿದ 25 ವ್ಯಾಟ್. ಆ ಅಂಕಿಗಳನ್ನು, ಅವು ಯಾಕೆ ಹಾಗೆ ಬಂದವು ಎಂಬುದನ್ನು ಸಂಪೂರ್ಣ ವಿವರಣಾಪತ್ರದಲ್ಲೇ ಬರೆಯಿರಿ, ಏಕೆಂದರೆ ಪೇಟೆಂಟ್ ಕಾಯ್ದೆಯ ಕಲಂ 59ರ ಪ್ರಕಾರ ಅದರಲ್ಲಿ ಹೇಳದೆ ಬಿಟ್ಟ ಹೊಸ ಸಂಗತಿಯನ್ನು ತಿದ್ದುಪಡಿಯ ಹೆಸರಿನಲ್ಲಿ ಆಮೇಲೆ ಸೇರಿಸಲು ಬರುವುದಿಲ್ಲ.