ಮುಖಾಮುಖಿ ಸಂದರ್ಶನವನ್ನು ಫೋನಿಗೆ ಬದಲಿಸಿದರೆ ಸಾಕಾ?

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಸಂಶೋಧನೆಗೆ ಹೊರಟಿದ್ದೇನೆ. ತರಗತಿಯಲ್ಲಿ ಕಲಿತದ್ದೆಲ್ಲ ಮನೆ ಮನೆಗೆ ಹೋಗಿ ಜನರನ್ನು ಮಾತಾಡಿಸುವ ವಿಧಾನ. ಕೋವಿಡ್‌ನಂಥ ಕಾಯಿಲೆ ಮತ್ತೆ ಬಂದು ಬಾಗಿಲು ಹಾಕಿಕೊಂಡು ಕೂರಬೇಕಾದರೆ ಏನು ಮಾಡುವುದು? ಅದೇ ಪ್ರಶ್ನಾವಳಿ ಹಿಡಿದು ಫೋನ್ ಮಾಡಿದರೆ ಸಾಕಾ, ಅಥವಾ ಮೊದಲಿಂದ ಕಲಿಯಬೇಕಾ?

ಉತ್ತರ: ಮೊದಲಿಂದ ಕಲಿಯಬೇಕಿಲ್ಲ. ಆದರೆ ಅದೇ ಪ್ರಶ್ನಾವಳಿ ಹಿಡಿದು ಫೋನ್ ಮಾಡಿದರೆ ಕೆಲಸ ಕೆಡುತ್ತದೆ. ಫೋನಿಗೆ ಬಂದ ಕೂಡಲೇ ಎರಡು ಸಂಗತಿ ಬದಲಾಗಿರುತ್ತವೆ. ಒಂದು, ನಿಮ್ಮ ಕೈಗೆ ಸಿಗುವ ಜನ. ಇನ್ನೊಂದು, ಆ ಜನ ಬಾಯಿಬಿಟ್ಟು ಹೇಳುವ ಮಾತು. ಸ್ಯಾಂಪಲಿಂಗ್ (ಯಾರನ್ನು ಕೇಳಬೇಕೆಂದು ಆರಿಸುವ ಕ್ರಮ) ಅಂತ, ಪ್ರಶ್ನಾವಳಿ ರಚನೆ ಅಂತ ಆಕಳಿಸುತ್ತಾ ಕೇಳಿಸಿಕೊಂಡ ಪಾಠಗಳು ಕೆಲಸಕ್ಕೆ ಬರುವುದು ಇಲ್ಲೇ.

ಮೊದಲು ಜನರ ವಿಷಯ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳುವ ಅಣಕು ಮತಚೀಟಿಯನ್ನು ಅಂಚೆಯಲ್ಲಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ! ಹೆಸರು, ವಿಳಾಸಗಳಲ್ಲಿ ಬಹಳಷ್ಟು ಬಂದದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಯಾರ ಮನೆಯಲ್ಲಿ ಇದ್ದಿರಬಹುದು ಹೇಳಿ. ಸಾಲದ್ದಕ್ಕೆ, ಚೀಟಿ ತಲುಪಿದವರಲ್ಲಿ ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ ಅನ್ನಬಹುದು. ಇದ್ದರೂ ಎತ್ತಬೇಕಲ್ವಾ? ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್‌ನ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಮಂದಿ ಸ್ಪಂದಿಸುತ್ತಿದ್ದರು. 2018ರ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು. ಮನೆಗೊಂದೇ ಫೋನ್ ಇದ್ದು ಅದು ಯಜಮಾನನ ಜೇಬಿನಲ್ಲಿದ್ದರೆ, ನಿಮ್ಮ ಸ್ಯಾಂಪಲ್‌ನಲ್ಲಿ ಹೆಂಗಸರು ಎಷ್ಟು ಮಂದಿ ಇರುತ್ತಾರೆ ಅನ್ನುವುದನ್ನೂ ಲೆಕ್ಕ ಹಾಕಿ.

ಇದಕ್ಕೆ ಒಂದು ಒಳ್ಳೆಯ ದಾರಿಯನ್ನು ತೋರಿಸಿದ್ದು ಎಬೋಲಾ. 2014ರಲ್ಲಿ ಲೈಬೀರಿಯಾದಲ್ಲಿ ಮನೆ ಮನೆ ಸಮೀಕ್ಷೆ ನಡೆಯುತ್ತಿತ್ತು, ರೋಗ ಹರಡಿ ಅರ್ಧಕ್ಕೆ ನಿಂತಿತು. ಆದರೆ ಅಷ್ಟರಲ್ಲಿ ಭೇಟಿಯಾದ ಮನೆಗಳ ಫೋನ್ ನಂಬರ್ ಕೈಯಲ್ಲಿದ್ದವು. ವಿಶ್ವಬ್ಯಾಂಕ್ ಮತ್ತು ಅಲ್ಲಿನ ಅಂಕಿಅಂಶ ಸಂಸ್ಥೆ ಸೇರಿ ಆ ನಂಬರ್‌ಗಳಿಗೇ ಮತ್ತೆ ಮತ್ತೆ ಕರೆ ಮಾಡಿಸಿದವು. ಫೋನ್ ಎತ್ತದ ಮನೆಗಳ ವಿವರವೂ ಹಳೆಯ ಸಮೀಕ್ಷೆಯಲ್ಲಿ ಇರುತ್ತದೆ, ನೋಡಿ. ಹಾಗಾಗಿ ಯಾವ ಥರದ ಮನೆಗಳು ತಪ್ಪಿಹೋದವು ಎಂದು ತಿಳಿಯುತ್ತದೆ, ಲೆಕ್ಕವನ್ನು ಸ್ವಲ್ಪ ಸರಿದೂಗಿಸಬಹುದು. ಆದ್ದರಿಂದ ನಿಮ್ಮ ವಿಭಾಗದಲ್ಲೋ ಗೈಡ್ ಹತ್ತಿರವೋ ಹಳೆಯ ಸಮೀಕ್ಷೆ ಏನಾದರೂ ಇದ್ದರೆ ಮೊದಲು ಅದನ್ನು ಕೇಳಿ. ಮತ್ತೆ ಸಂಪರ್ಕಿಸಲು ಆ ಜನ ಆಗ ಒಪ್ಪಿದ್ದರಾ ಎಂದೂ ನೋಡಿಕೊಳ್ಳಿ.

ಇನ್ನು ಮಾತಿನ ವಿಷಯ. ಇದರಲ್ಲಿ ನಾನೇ ಎಡವಿದ್ದೇನೆ. ಮೊದಮೊದಲ ಫೋನ್ ಸಂದರ್ಶನವೊಂದರಲ್ಲಿ ಒಬ್ಬ ಮಹಿಳೆಯನ್ನು ಕೇಳಿದೆ: "ಮನೆಯಲ್ಲಿ ದುಡ್ಡಿನ ತೀರ್ಮಾನ ಯಾರದ್ದು?" ತಟ್ಟನೆ ಉತ್ತರ ಬಂತು: "ಇಬ್ರೂ ಸೇರಿ ಮಾಡ್ತೀವಿ." ಬರೆದುಕೊಂಡೆ. ಮುಂದಿನ ಪ್ರಶ್ನೆಗೂ ಅಷ್ಟೇ ಚುರುಕಾದ ಉತ್ತರ. ಆಮೇಲೆ ಆ ಕಡೆಯಿಂದ ಒಂದು ಗಂಡಸಿನ ಕೆಮ್ಮು ಕೇಳಿಸಿತು. ಸ್ಪೀಕರ್ ಆನ್ ಇತ್ತು! ಎದುರಿಗೆ ಕೂತಿದ್ದರೆ ಆತ ನನ್ನ ಕಣ್ಣಿಗೆ ಬೀಳುತ್ತಿದ್ದರು, ನಾನು ಪ್ರಶ್ನೆಯನ್ನು ಮುಂದೂಡುತ್ತಿದ್ದೆ. ಫೋನಿನಲ್ಲಿ ಕೇಳಿಯೇ ತಿಳಿಯಬೇಕು.

ಅಂದಿನಿಂದ ನಾನು ಒಪ್ಪಿಗೆ ಪಡೆಯುವಾಗಲೇ ಕೇಳುತ್ತೇನೆ: "ಈಗ ಆರಾಮಾಗಿ ಮಾತಾಡೋಕೆ ಆಗುತ್ತಾ? ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಸ್ಪೀಕರ್ ಆಫ್ ಇದೆಯಾ?" ಮಧ್ಯೆ ಯಾರಾದರೂ ಬಂದರೆ "ಆಮೇಲೆ ಮಾಡಿ" ಅಂದುಬಿಡಿ ಸಾಕು ಎಂದೂ ಮೊದಲೇ ಹೇಳಿಡುತ್ತೇನೆ. ಸೂಕ್ಷ್ಮ ಪ್ರಶ್ನೆಗಳನ್ನು "ಹೌದು", "ಇಲ್ಲ" ಎಂದರೆ ಮುಗಿಯುವ ಹಾಗೆ ತಿದ್ದುತ್ತೇನೆ. ಆಗ ಪಕ್ಕದಲ್ಲಿ ಕೂತವರಿಗೆ ಪ್ರಶ್ನೆ ಏನೆಂದು ಗೊತ್ತಾಗುವುದಿಲ್ಲ. ಮನೆಯೊಳಗಿನ ಹಿಂಸೆಯಂಥ ವಿಷಯವಾದರೆ ಕೇಳದೇ ಇರುವುದೇ ಎಷ್ಟೋ ಸಲ ಸರಿ. 2020ರಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಂಸ್ಥೆ ಯುಎನ್ ವಿಮೆನ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡ ಮಾಹಿತಿಗಿಂತ ಹೆಂಗಸರ ಸುರಕ್ಷತೆ ಮೊದಲು ಎಂದೇ ಹೇಳಿದವು. ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯಿಂದ ಮುಖಾಮುಖಿ ಸಂದರ್ಶನಕ್ಕೆ ಅನುಮತಿ ಸಿಕ್ಕಿದೆ ಅಂದಮಾತ್ರಕ್ಕೆ ಫೋನಿಗೂ ಸಿಕ್ಕಿತು ಅಂದುಕೊಳ್ಳಬೇಡಿ. ವಿಧಾನ ಬದಲಿಸಿದ್ದನ್ನು ಬರೆದು ತಿಳಿಸಿ, ಮತ್ತೆ ಅನುಮತಿ ಪಡೆಯಿರಿ.

ಪ್ರಶ್ನೆಯ ವಾಕ್ಯವನ್ನೂ ಬದಲಿಸಬೇಕು. ಕಾಗದದಲ್ಲಿ ಐದು ಆಯ್ಕೆ ಇದ್ದರೆ ಕಣ್ಣು ಅದರ ಮೇಲೆ ಓಡಾಡುತ್ತದೆ, ಮೇಲಿನ ಆಯ್ಕೆಗಳಿಗೆ ತುಸು ಜಾಸ್ತಿ ಒಲವು ಬೀಳುತ್ತದೆ. ಫೋನಿನಲ್ಲಿ ಓದಿ ಹೇಳಿದರೆ ಕೊನೆಗೆ ಕೇಳಿದ್ದು ಕಿವಿಯಲ್ಲಿ ಉಳಿಯುತ್ತದೆ, ಅದನ್ನೇ ಆರಿಸುವವರು ಹೆಚ್ಚು. ಅದಕ್ಕೇ ಒಂದು ಪ್ರಶ್ನೆಯನ್ನು ಎರಡಾಗಿ ಒಡೆಯುವುದು. "ನಿಮ್ಮ ಕೆಲಸ ನಿಮಗೆ ತೃಪ್ತಿ ಕೊಟ್ಟಿದೆಯಾ, ಇಲ್ವಾ?" ಉತ್ತರ ಬಂದ ಮೇಲೆ, "ತುಂಬಾನಾ, ಸ್ವಲ್ಪಾನಾ?" ಅಷ್ಟೇ. ಮುಖಾಮುಖಿಯಲ್ಲಿ ಒಂದು ಗಂಟೆ ನಡೆಯುತ್ತಿದ್ದ ಪ್ರಶ್ನಾವಳಿಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ. ಕತ್ತರಿಸುವಾಗ ಹೊಟ್ಟೆ ಉರಿಯುತ್ತದೆ, ನಿಜ. ಯಾವ ಪ್ರಶ್ನೆಯನ್ನು ಸುಮ್ನೆ ಸೇರಿಸಿದ್ದಿರಿ ಅನ್ನುವುದೂ ಆಗಲೇ ಗೊತ್ತಾಗುವುದು.

ಪ್ರಶ್ನಾವಳಿ ಬಿಟ್ಟು ಜನರ ನಡುವೆ ಇದ್ದು ನೋಡುವ ಕೆಲಸವಾದರೆ ಕಷ್ಟ ಇನ್ನೂ ಜಾಸ್ತಿ. 2020ರ ಮಾರ್ಚ್‌ನಲ್ಲಿ ಸಮಾಜಶಾಸ್ತ್ರಜ್ಞೆ ಡೆಬೊರಾ ಲಪ್ಟನ್ ಆನ್‌ಲೈನ್‌ನಲ್ಲಿ ಒಂದು ದಾಖಲೆ ತೆರೆದು, ಇಂಥ ಹೊತ್ತಲ್ಲಿ ಕ್ಷೇತ್ರಕಾರ್ಯ ಮಾಡುವ ದಾರಿಗಳನ್ನು ಎಲ್ಲರೂ ಸೇರಿಸಲಿ ಎಂದು ಬಿಟ್ಟಿದ್ದರು. ವಿಡಿಯೋ ಕರೆ, ದಿನಚರಿ, ಜನರೇ ತೆಗೆದು ಕಳಿಸುವ ಫೋಟೋ, ಹೀಗೆ ಬೇಕಾದಷ್ಟು ಅಲ್ಲಿ ಬಂದು ಸೇರಿದವು. ನನಗೆ ಇದರಲ್ಲಿ ವಾಯ್ಸ್ ಮೆಸೇಜ್ ದಿನಚರಿ ಇಷ್ಟ. ದಿನಕ್ಕೆ ಎರಡು ನಿಮಿಷ, ಬಿಡುವಾದಾಗ ಅವರೇ ಮಾತಾಡಿ ಕಳಿಸುತ್ತಾರೆ. ಬರೆಯಲು ಬಾರದವರೂ ಇದರಲ್ಲಿ ಸೇರಬಹುದು. ವಿಡಿಯೋದಲ್ಲಿ ಗುಂಪು ಚರ್ಚೆ ಮಾತ್ರ ನನಗೆ ಒಗ್ಗಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುವುದೇ ಆ ಚರ್ಚೆಯ ಜೀವ, ಅಲ್ಲಿ ಎಲ್ಲರೂ ಮ್ಯೂಟ್ ಆಗಿ ಸರದಿ ಕಾಯುತ್ತಾರೆ.

ದೂರದಿಂದ ನೋಡಿ ಬರೆಯುವುದು ಹೊಸತೇನೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿಗೆ ಹೋಗಲಾಗದ ಅಮೆರಿಕದ ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್, ಅಮೆರಿಕದಲ್ಲಿದ್ದ ಜಪಾನೀಯರನ್ನು ಮಾತಾಡಿಸಿ, ಸಿನಿಮಾ ನೋಡಿ, ಸಾಹಿತ್ಯ ಓದಿ 1946ರಲ್ಲಿ ಆ ದೇಶದ ಬಗ್ಗೆ ಪುಸ್ತಕ ತಂದರು. ಪುಸ್ತಕ ಹೆಸರು ಮಾಡಿತು. ಇಡೀ ದೇಶದ ಜನರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ ಎಂಬ ಟೀಕೆಯೂ ಬಂತು.

ಕೊನೆಯದಾಗಿ ಒಂದು ಸಣ್ಣ ಕೆಲಸ, ಇದನ್ನು ಮೊದಲ ದಿನವೇ ಮಾಡಿ. ನಿಮ್ಮ ಡೇಟಾ ಶೀಟ್‌ನಲ್ಲಿ ಎರಡು ಕಾಲಂ ಹೆಚ್ಚಿಗೆ ಹಾಕಿ. ಒಂದರಲ್ಲಿ ಸಂದರ್ಶನ ಫೋನಿನಲ್ಲೋ, ವಿಡಿಯೋದಲ್ಲೋ, ಎದುರಿಗೋ ಅಂತ ಬರೆಯಿರಿ. ಇನ್ನೊಂದರಲ್ಲಿ ತಾರೀಕು, ಜೊತೆಗೆ ಆ ವಾರ ಯಾವ ನಿರ್ಬಂಧ ಇತ್ತು ಎಂಬುದು. ನಿರ್ಬಂಧ ತೆರವಾಗಿ ನೀವು ಮತ್ತೆ ಬಾಗಿಲು ತಟ್ಟಲು ಹೊರಟ ಮೇಲೆ ಉತ್ತರಗಳು ಬೇರೆ ಥರ ಬರಲು ಶುರುವಾಗುತ್ತವೆ. ಆಗ ಬದಲಾದದ್ದು ಜನರ ಬದುಕೋ, ನೀವು ಕೇಳಿದ ರೀತಿಯೋ ಎಂದು ವೈವಾದಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ.