ಕ್ವಾಡ್ ಹಾಕುವ ಮೊದಲಿನ ಲೆಕ್ಕ

ಸ್ಪರ್ಧೆ ಹತ್ತಿರವಾದಂತೆ ನನ್ನ ಬಳಿ ಫಿಗರ್ ಸ್ಕೇಟಿಂಗ್ ಕಲಿಯುವ ಸ್ಕೇಟರ್‌ಗಳು ಕೇಳುವ ಪ್ರಶ್ನೆ ಒಂದೇ: ನಾಲ್ಕು ಸುತ್ತಿನ ಜಿಗಿತವನ್ನು, ಅಂದರೆ ಕ್ವಾಡ್ ಅನ್ನು, ಈ ಸಲ ಫ್ರೀ ಸ್ಕೇಟ್‌ನಲ್ಲಿ, ಅಂದರೆ ಸ್ಪರ್ಧೆಯ ಎರಡನೇ, ದೀರ್ಘ ಭಾಗದಲ್ಲಿ, ಸೇರಿಸಬಹುದೇ? ಉತ್ತರಿಸುವ ಮೊದಲು ನಾನು ಅಭ್ಯಾಸದ ದಾಖಲೆ ತೆರೆದು, ಹತ್ತು ಯತ್ನಗಳಲ್ಲಿ ಎಷ್ಟು ಬಾರಿ ಬೀಳದೆ ಇಳಿದಿದ್ದಾರೆಂದು ನೋಡುತ್ತೇನೆ.

2022ರ ಬೀಜಿಂಗ್ ಒಲಿಂಪಿಕ್ಸ್ ವೇಳೆಯ ಅಂಕಪಟ್ಟಿಯಲ್ಲಿ ಲುಟ್ಸ್ ಎಂಬ ಜಿಗಿತದ ಮೂರು ಸುತ್ತಿನ ರೂಪವಾದ ಟ್ರಿಪಲ್ ಲುಟ್ಸ್‌ನ ಮೂಲಾಂಕ 5.90, ಕ್ವಾಡ್ ಲುಟ್ಸ್‌ನದು 11.50. ಗುಣಮಟ್ಟಕ್ಕೆ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ದರ್ಜೆ ಕೊಡುತ್ತಾರೆ. ಒಂದೊಂದು ದರ್ಜೆಗೂ ಮೂಲಾಂಕದ ಶೇ 10ರಷ್ಟು ಕೂಡುತ್ತದೆ ಅಥವಾ ಕಳೆಯುತ್ತದೆ. ಪ್ಲಸ್ 3 ಪಡೆದ ಟ್ರಿಪಲ್ ಲುಟ್ಸ್ 7.67 ಅಂಕ ತರುತ್ತದೆ, ಪ್ಲಸ್ 2 ಪಡೆದ ಕ್ವಾಡ್ 13.80 ತರುತ್ತದೆ. ನಾಲ್ಕೂ ಸುತ್ತು ಮುಗಿಸಿ ಬಿದ್ದರೆ ಅರ್ಧ ಮೂಲಾಂಕ ಹೋಗಿ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತವಾಗಿ, 4.75 ಉಳಿಯುತ್ತದೆ. ಈ ಮೂರು ಸಂಖ್ಯೆಗಳನ್ನು ತೂಗಿದರೆ, ಮೂರರಲ್ಲಿ ಒಂದು ಯತ್ನ ಫಲಿಸಿದರೂ ಕ್ವಾಡ್ ನಷ್ಟವಲ್ಲ.

ಕಾಗದದ ಮೇಲಿನ ಈ ಉದಾರತೆಯನ್ನು ನಾನು ನಂಬುವುದಿಲ್ಲ. ಕಾಲು ಸುತ್ತಿಗಿಂತ ಹೆಚ್ಚು, ಅರ್ಧಕ್ಕಿಂತ ಕಡಿಮೆ ಕೊರತೆಯಾದರೆ ಮೂಲಾಂಕ ಶೇ 80ಕ್ಕೆ ಇಳಿಯುತ್ತದೆ. ಆಗ ಬಿದ್ದ ಕ್ವಾಡ್‌ನ ಗಳಿಕೆ 3.60 ಮಾತ್ರ. ಬಿದ್ದೆದ್ದವಳ ಉಸಿರು ತಪ್ಪುತ್ತದೆ, ಮುಂದಿನ ಜಿಗಿತದ ವೇಗ ಕುಂದುತ್ತದೆ, ಕಾರ್ಯಕ್ರಮದ ಒಟ್ಟಂದಕ್ಕೆ ಸಿಗುವ ಅಂಕವೂ ತಗ್ಗುತ್ತದೆ. ಫ್ರೀ ಸ್ಕೇಟ್‌ನ ದ್ವಿತೀಯಾರ್ಧದಲ್ಲಿ ಬರುವ ಕೊನೆಯ ಮೂರು ಜಿಗಿತಗಳ ಮೂಲಾಂಕಕ್ಕೆ ಶೇ 10ರಷ್ಟು ಹೆಚ್ಚುವರಿ ಸಿಗುವುದರಿಂದ, ಆರಂಭದಲ್ಲೇ ದಣಿದವಳು ಆ ಲಾಭವನ್ನೂ ಬಿಟ್ಟುಕೊಡಬೇಕಾಗುತ್ತದೆ. ಆದ್ದರಿಂದ ಹತ್ತರಲ್ಲಿ ಆರು ಬಾರಿಯಾದರೂ ಇಳಿಯದ ಕ್ವಾಡ್‌ಗೆ ನಾನು ಒಪ್ಪುವುದಿಲ್ಲ.

ಬೀಜಿಂಗ್‌ನಲ್ಲಿ ಜಪಾನಿನ ಕವೋರಿ ಸಕಮೊಟೊ ಕ್ವಾಡ್ ಆಗಲಿ, ಟ್ರಿಪಲ್ ಆಕ್ಸೆಲ್ (ಮುಂದಕ್ಕೆ ಮುಖಮಾಡಿ ಹಾರುವ ಮೂರೂವರೆ ಸುತ್ತಿನ ಜಿಗಿತ) ಆಗಲಿ ಇಲ್ಲದೆಯೇ 233.13 ಅಂಕಗಳೊಂದಿಗೆ ಕಂಚು ಗೆದ್ದರು. ಅವರ ಡಬಲ್ ಆಕ್ಸೆಲ್‌ನ ವೇಗ ಮತ್ತು ದೂರವನ್ನು ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ತೋರಿಸುತ್ತೇನೆ. ಅಲ್ಲಿಯೇ ರಷ್ಯಾದ ಅಲೆಕ್ಸಾಂಡ್ರಾ ಟ್ರುಸೊವಾ ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್‌ಗಳನ್ನು ಹಾಕಿ 177.13 ಪಡೆದರು. ಅದೇ ದೇಶದ ಅನ್ನಾ ಶೆರ್ಬಕೋವಾ ಎರಡೇ ಕ್ವಾಡ್‌ಗಳಿಂದ 175.75 ಗಳಿಸಿದರೂ ಚಿನ್ನ ಅವರದಾಯಿತು, ಏಕೆಂದರೆ ಸ್ಪರ್ಧೆಯ ಮೊದಲ, ಚಿಕ್ಕ ಭಾಗವಾದ ಶಾರ್ಟ್ ಪ್ರೋಗ್ರಾಂನಲ್ಲಿ ಅವರು ಟ್ರುಸೊವಾಗಿಂತ 5.60 ಅಂಕ ಮುಂದಿದ್ದರು. ಮಹಿಳೆಯರಿಗೆ ಕ್ವಾಡ್ ನಿಷಿದ್ಧವಾಗಿದ್ದ ಆ ಭಾಗದಲ್ಲಿ ಟ್ರುಸೊವಾ ಟ್ರಿಪಲ್ ಆಕ್ಸೆಲ್‌ಗೆ ಯತ್ನಿಸಿ ಬಿದ್ದಿದ್ದರು.

ಅದನ್ನು ದುಡುಕೆಂದು ಹಲವರು ಹೇಳಿದ್ದನ್ನು ಕೇಳಿದ್ದೇನೆ; ನಾನು ಒಪ್ಪುವುದಿಲ್ಲ. 8.00 ಮೂಲಾಂಕದ ಆ ಜಿಗಿತದಲ್ಲಿ ಬಿದ್ದರೆ ಹೆಚ್ಚೆಂದರೆ 3 ಅಂಕ ಉಳಿಯುತ್ತದೆ. ಅದರ ಬದಲು ಪ್ಲಸ್ 3 ದರ್ಜೆಯ ಡಬಲ್ ಆಕ್ಸೆಲ್ ಹಾಕಿದ್ದರೆ 4.29 ಸಿಗುತ್ತಿತ್ತು. ಬಿದ್ದ ಜಿಗಿತದ 3 ಅಂಕವನ್ನು ಕಳೆದರೆ ಹೆಚ್ಚಳ ಸುಮಾರು 1.29 ಮಾತ್ರ. ಅಂತಿಮ ಅಂತರ 4.22 ಆಗಿದ್ದುದರಿಂದ ಆ ಸುರಕ್ಷಿತ ಆಯ್ಕೆಯ ಅಂಕ ಮಾತ್ರದಿಂದ ಚಿನ್ನ ಬರುತ್ತಿರಲಿಲ್ಲ, ಪ್ಲಸ್ 1 ಪಡೆದು ಇಳಿದ ಟ್ರಿಪಲ್ ಆಕ್ಸೆಲ್‌ನ 8.80ರಿಂದ ಬರುತ್ತಿತ್ತು.